ಚಾಮರಾಜನಗರದಲ್ಲೊಂದು ರಾಗಿಕಾಳು, ಗುಂಡ್ಲುಪೇಟೆಯಲ್ಲೊಂದು

ರಾಗಿ ಹಸನು ಮಾಡುತ್ತ ಕೂತರೆ ಒಂದು ಕಾಳಾದರೂ ಹೆಬ್ಬೆರಳಿಗೆ ಅಂಟಿಕೊಳ್ಳದೆ ಇರುವುದಿಲ್ಲ. ಇವತ್ತು ಬೆಳಿಗ್ಗೆಯೂ ಅಂಟಿತು. ಒದರಿ ಮೊರಕ್ಕೆ ಹಾಕುವುದು ಬಿಟ್ಟು ಅದನ್ನೇ ನೋಡುತ್ತ ಒಬ್ಬಳೇ ನಕ್ಕೆ. ಆ ಹೊತ್ತಿಗೆ ನೀವೇನಾದರೂ ನಮ್ಮ ಮನೆ ಬಾಗಿಲಿಗೆ ಬಂದಿದ್ದರೆ, ‘ಪಾಪ, ವಯಸ್ಸಲ್ಲದ ವಯಸ್ಸಿಗೆ ಹೀಗಾಯಿತೇ’ ಎಂದುಕೊಂಡು ಹಾಗೇ ಹಿಂದಿರುಗುತ್ತಿದ್ದಿರೇನೋ. ಹೋಗಬೇಡಿ, ಸ್ವಲ್ಪ ಕೂತುಕೊಳ್ಳಿ. ಇಷ್ಟೇ ಇಷ್ಟು ಕಾಳೊಂದು ನನ್ನ ಮದುವೆಯನ್ನು ಮುರಿಯಲು ಹೊರಟ ಕಥೆ ಹೇಳುತ್ತೇನೆ.

ನಾನು ಹುಟ್ಟಿದ್ದು ಉಡಿಗಾಲದಲ್ಲಿ, ಬಿ.ಎಸ್ಸಿ. ಓದಿದ್ದು ಚಾಮರಾಜನಗರದಲ್ಲಿ. ಕಡೆಯ ವರ್ಷದ ಪಾಠದಲ್ಲಿ ಆಕಾಶಗಂಗೆ ಬಂತು ನೋಡಿ, ನನಗೆ ಹುಚ್ಚು ಹತ್ತಿತು. ಕೆಲವರಿಗೆ ಸಿನಿಮಾ ಹುಚ್ಚು, ಕೆಲವರಿಗೆ ಸೀರೆ ಹುಚ್ಚು. ನನಗೆ ದೂರದ ಹುಚ್ಚು. ದೂರ ಅಂದರೆ ಊಟಿ, ಮೈಸೂರು ಅಲ್ಲ. ಬೆಳಕೇ ಈ ತುದಿಯಿಂದ ಆ ತುದಿಗೆ ಹೋಗಲು ಲಕ್ಷ ವರ್ಷ ತೆಗೆದುಕೊಳ್ಳುವಂಥ ದೂರ! ಆ ಅಂಕಿ ಕಪ್ಪುಹಲಗೆಯ ಮೇಲೆ ಬಂದ ದಿನ ಮಧ್ಯಾಹ್ನದ ಬುತ್ತಿ ಗಂಟಲಲ್ಲಿ ಇಳಿಯಲಿಲ್ಲ. ಸಂತೋಷಕ್ಕೂ ಹಸಿವು ಹೋಗುತ್ತದೆಂದು ಅವತ್ತೇ ಗೊತ್ತಾದದ್ದು. ಮನೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಎಮ್ಮೆಗೂ ಹೇಳಿದೆ. ಕಡೆಯವರೆಗೂ ಕೇಳಿಸಿಕೊಂಡದ್ದು ಅದೊಂದೇ.

ಅಂಥ ದಿನಗಳಲ್ಲಿ ತೆರಕಣಾಂಬಿಯಿಂದ ನನ್ನನ್ನು ನೋಡಲು ಬಂದರು, ಹುಡುಗ ಮತ್ತು ಅವನ ತಾಯಿ. ಹುಡುಗನಿಗೆ ಗುಂಡ್ಲುಪೇಟೆಯಲ್ಲಿ ಸಣ್ಣದೊಂದು ನೌಕರಿ. ಕಾಫಿ ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಾರದೆ ಲೋಟವನ್ನೇ ನೋಡಿ ನಾಚಿಕೊಂಡ. ಅಷ್ಟಕ್ಕೇ ನಾನು ಮನಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡುಬಿಟ್ಟೆ. ಆದರೆ ಹೂಂ ಅನ್ನಬೇಕಾದವರು ಅವನ ತಾಯಿ. ಅವರು ಲೋಟ ಕೆಳಗಿಟ್ಟು ಕೇಳಿದರು: “ಅದೇನೋ ಓದಿದ್ದೀಯಂತಲ್ಲಮ್ಮಿ. ಅದ್ರಲ್ಲಿ ಏನದೆ, ಒಸಿ ಏಳು ಕೇಳನ.”

ನನ್ನನ್ನು ಯಾರೂ ಹಾಗೆ ಕೇಳಿದ್ದೇ ಇಲ್ಲ! ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸಿದ ಹಾಗಾಯಿತು. ಮೂಲೆಯ ಮೂಟೆಯಿಂದ ಒಂದು ರಾಗಿಕಾಳು ತೆಗೆದು ಅವರ ಅಂಗೈ ಮೇಲಿಟ್ಟೆ. “ಇದು ಸೂರ್ಯ ಅಂದ್ಕಳಿ. ಭೂಮಿ ಅರ್ಧ ಗೇಣು ಆಚೆಗೆ, ಕಣ್ಗೂ ಕಾಣದ ಧೂಳು. ಗ್ರಹಗಳೆಲ್ಲ ಈ ಪಡಸಾಲೇಲೇ ಮುಗ್ದೋಯ್ತವೆ. ಈಗ ಈ ಕಾಳ ಚಾಮರಾಜನಗರದಲ್ಲಿ ಇಟ್ರೆ, ಪಕ್ಕದ ನಕ್ಷತ್ರದ ಕಾಳು ಎಲ್ಲದೆ ಗೊತ್ತಾ? ಗುಂಡ್ಲುಪೇಟೇಲಿ!”

“ಮಧ್ಯದಲ್ಲಿ?”

“ಏನೂ ಇಲ್ಲ. ಖಾಲಿ.”

“ನಮ್ ತೆರಕಣಾಂಬಿ?”

“ಅದೂ ಖಾಲೀನೇ!” ಎಂದೆ, ಚಪ್ಪಾಳೆ ತಟ್ಟಿ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲೇ ಇರುವ ತೆರಕಣಾಂಬಿ ಅವರು ಬಾಳುವ ಊರೆಂದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆದಿದ್ದರೆ ತಾನೇ! ನೋಡಲು ಬಂದವರ ಊರನ್ನೇ ಇಲ್ಲವಾಗಿಸಿದ ಹೆಣ್ಣು ನಾನೊಬ್ಬಳೇ ಇರಬೇಕು. ಅವ್ವ ತೇಪೆ ಹಾಕಲು ನೋಡಿದಳು: “ಬೇಜಾರ್ ಮಾಡ್ಕಬ್ಯಾಡಿ ಕಣಕ್ಕ, ಅವ್ಳ ಲೆಕ್ಕದಲ್ಲಿ ನಮ್ ಉಡಿಗಾಲನೂ ಇಲ್ಲ.” ಹುಡುಗನ ತಾಯಿ ಎದ್ದು ಸೆರಗು ಕೊಡವಿದರು. “ಬಾಳೋ ಊರ್ನೇ ಖಾಲಿ ಅನ್ನೋಳು ಬಾಳ್ವೆ ಎಂಗ್ ಮಾಡಾಳು? ನಡಿಲಾ, ಓಗನ.” ಅವರು ಬೀದಿ ತಿರುಗುವವರೆಗೂ ನೋಡುತ್ತ ನಿಂತಿದ್ದೆ. ಆಮೇಲೆ ಹಿತ್ತಲಿಗೆ ಹೋಗಿ ಎಮ್ಮೆಯ ಕತ್ತು ತಬ್ಬಿಕೊಂಡು ಅತ್ತೆ.

ಕೆಲವು ದಿನ ಕಳೆದ ಮೇಲೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅದೇ ಹುಡುಗ ನನಗಾಗಿ ಕಾದು ನಿಂತಿದ್ದ. “ನಮ್ಮವ್ವ ಅವತ್ತಿಂದ ಒಂದೇ ಸಮ್ನೆ ಗೊಣಗ್ತಾ ಅದೆ. ‘ಅಲ್ಲಿಗೆ ಯಾರೂ ಓಗಿಲ್ಲ, ಅಳತೆ ಇಡ್ದೋರು ಯಾರು? ಸುಳ್ಳು ಏಳ್ತಾಳೆ’ ಅಂತದೆ. ಏನ್ ಏಳ್ಲಿ?” ಈ ಉತ್ತರ ಅವರಿಗೆ ಸರಿಯಾಗಿ ಮುಟ್ಟಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಅವನ ಬಸ್ಸು ಆಗಲೇ ಹಾರನ್ ಹೊಡೆಯುತ್ತಿತ್ತು.

ನೀವೂ ಮಾಡಿ ನೋಡಿ. ಕೈ ಚಾಚಿ ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಬೆರಳು ಅತ್ತಿತ್ತ ಜರುಗುತ್ತದೆ, ದೂರದ ಮರ ಅಲ್ಲಾಡುವುದಿಲ್ಲ. ಬೆರಳು ಹತ್ತಿರ ತಂದಷ್ಟೂ ಹೆಚ್ಚು ಜರುಗುತ್ತದೆ. ಖಗೋಳ ವಿಜ್ಞಾನಿಗಳಿಗೆ ನಕ್ಷತ್ರವೇ ಹೆಬ್ಬೆರಳು. ಭೂಮಿ ಸೂರ್ಯನ ಈ ಬದಿಗಿದ್ದಾಗ ಒಮ್ಮೆ ನೋಡುತ್ತಾರೆ, ಆರು ತಿಂಗಳು ಕಾದು ಆ ಬದಿಗೆ ಹೋದಾಗ ಇನ್ನೊಮ್ಮೆ. ಅವೇ ಅವರ ಎರಡು ಕಣ್ಣು. ನಕ್ಷತ್ರ ಎಷ್ಟು ಜರುಗಿತೆಂದು ಅಳೆದರೆ ದೂರದ ಲೆಕ್ಕ ಸಿಕ್ಕಿತು. ಇದನ್ನು ಅವನಿಗೆ ಕಲಿಸಲು ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಎದುರುಬದುರು ನಿಂತು ಹೆಬ್ಬೆರಳೆತ್ತಿ ಕಣ್ಣು ಮಿಟುಕಿಸಿದೆವು. ಕಡಲೆಕಾಯಿ ಮಾರುವವಳು ಬುಟ್ಟಿ ಬಿಟ್ಟು ನಮ್ಮನ್ನೇ ನೋಡಿದಳು.

ವಾರದ ಸಂತೆಗೆಂದು ಗುಂಡ್ಲುಪೇಟೆ ಬಸ್ಸು ಹತ್ತಿದ ಅವನ ತಾಯಿ, ಮಗ ಮನೆಯಲ್ಲಿ ಹೇಳಿಕೊಟ್ಟ ಹಾಗೆ, ಆಚೆ ಬದಿಯ ಕಿಟಕಿಯಲ್ಲಿ ಕಾಣುವ ಬೆಟ್ಟಕ್ಕೆ ಗುರಿಯಿಟ್ಟು ಹೆಬ್ಬೆರಳು ಎತ್ತಿದರು. ಎಡಗಣ್ಣು ಮುಚ್ಚಿದರು, ಬಲಗಣ್ಣು ಮುಚ್ಚಿದರು. ದಾರಿಯುದ್ದಕ್ಕೂ ಅದೇ. ಆ ಕಿಟಕಿಯ ಪಕ್ಕ ಮೀಸೆಯ ಯಜಮಾನರೊಬ್ಬರು ಕೂತಿದ್ದರು. ಅವರು ಮೊದಲು ಕೆಮ್ಮಿದರು, ಆಮೇಲೆ ಮೀಸೆ ತೀಡಿಕೊಂಡರು, ಕಡೆಗೆ ಇಳಿಯುವಾಗ ಮೆಲ್ಲಗೆ, “ಯಾವೂರಾಯ್ತು ತಮ್ದು?” ಎಂದರಂತೆ.

ಸಂತೆ ಗಿಂತೆ ಎಲ್ಲ ಬಿಟ್ಟು ಅವರು ನೇರ ಉಡಿಗಾಲಕ್ಕೆ ಬಂದರು. ಅಂಗಳದಲ್ಲೇ ಗುಡುಗಿದರು: “ಏನಮ್ಮಿ, ನಿನ್ ನಕ್ಷತ್ರದ ದೆಸೆಯಿಂದ ಈ ವಯಸ್ಸಲ್ಲಿ ಕಣ್ ಒಡ್ಯೋಳು ಅನ್ನಿಸ್ಕಬುಟ್ಟೆ!” ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ಜಗಲಿ ಮೇಲೆ ಕುಸಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. “ಆದ್ರೆ ಬೆರಳು ಜರುಗ್ತು ಕಣಮ್ಮಿ. ದಿಟ ಜರುಗ್ತು. ಸುಳ್ಳು ಏಳೋಳಲ್ಲ ನೀನು. ಮದ್ವೆ ಮಾಡ್ಬುಡನ ಬುಡು, ನನ್ ಮಗನೂ ಮನೇಲಿ ಕಣ್ ಮಿಟುಕ್ಸಿ ಮಿಟುಕ್ಸಿ ಕಂಬಕ್ಕೆ ಡಿಕ್ಕಿ ಒಡಿತಾವ್ನೆ.”

ಮದುವೆಯಾಗಿ ಈ ಮನೆಗೆ ಬಂದ ಮೇಲೂ ಲೆಕ್ಕ ನಿಲ್ಲಲಿಲ್ಲ. ಆಕಾಶಗಂಗೆಯ ನಕ್ಷತ್ರಕ್ಕೊಂದರಂತೆ ರಾಗಿಕಾಳು ಬೇಕೆಂದರೆ ಇಪ್ಪತ್ತು ಮೂವತ್ತು ಲಾರಿ ರಾಗಿಯಲ್ಲಿ ಸುಮಾರಾಗಿ ಸುಧಾರಿಸಬಹುದು. ಆದರೆ ಅವನ್ನು ಅದೇ ಅಳತೆಯಲ್ಲಿ ದೂರದೂರ ಹರಡಲು ಬೇಕಾದ ಕಣ? ಇಲ್ಲಿಂದ ಚಂದ್ರನಿಗೆ ಹೋಗಿ ಹೆಚ್ಚುಕಮ್ಮಿ ವಾಪಸ್ಸು ಬರುವಷ್ಟು ಅಗಲ! ಈಗಲೂ ಇದನ್ನು ನೆನೆದರೆ ಕುಣಿಯಬೇಕು ಅನ್ನಿಸುತ್ತದೆ. ಮಂಡಿ ಬಿಡುವುದಿಲ್ಲ.

ಇವತ್ತು ಬೆಳಿಗ್ಗೆ ಹೀಗೆ ಒಬ್ಬಳೇ ನಗುತ್ತಿದ್ದಾಗಲೇ ಅತ್ತೆ ಫೋನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಯಾರೋ ಕಳಿಸಿದ ಚಿತ್ರ, ಕಪ್ಪು ಆಕಾಶದಲ್ಲಿ ಬೆಳ್ಳಗೆ ಸುತ್ತಿಕೊಂಡ ನಮ್ಮ ಆಕಾಶಗಂಗೆ. “ಅಷ್ಟ್ ದೂರ ಓಗಿ ಈ ಫೋಟೋ ತಗ್ದೋನು ಯಾವನಮ್ಮಿ?”

“ಯಾರೂ ಇಲ್ಲ ಕಣತ್ತೆ. ಇದು ಫೋಟೋ ಅಲ್ಲ, ಬರ್ದಿರೋ ಚಿತ್ರ. ನಾವು ಅದ್ರೊಳಗೇ ಇರೋದು, ಒರಗೋಗಿ ನೋಡ್ದೋರೇ ಇಲ್ಲ. ನಡುವೆ ಧೂಳು ಬೇರೆ ಅಡ್ಡ. ಧೂಳ ದಾಟ್ಕಂಡು ಬರೋ ರೇಡಿಯೋ ಅಲೆ ಇಡ್ಕಂಡು, ಒಳಗೆ ಕೂತೇ ಇದು ಇಂಗದೆ ಅಂತ ಕಂಡ್ಕಂಡವ್ರೆ.”

ಅತ್ತೆ ಚಿತ್ರವನ್ನು ಬಿಟ್ಟು ನನ್ನನ್ನು ನೋಡಿದರು. “ಅಂಗಾದ್ರೆ ನಿನ್ ತರಾನೇ ಅನ್ನು. ಒರಗಿಂದ ಬಂದು ನೋಡ್ದಾಗ, ಈ ಎಣ್ಗೆ ಒಸಿ ತಲೆ ಕೆಟ್ಟದೇನೋ ಅಂತ ಅನುಮಾನ ಇತ್ತು.”

“ಈಗ?”

“ಈಗ ಇಷ್ಟ್ ವರ್ಸದಿಂದ ಒಂದೇ ಮನೆ ಒಳಗೆ ಇವ್ನಿ. ಅನುಮಾನ ಓಯ್ತು. ಪೂರಾ ಕೆಟ್ಟದೆ.”

ಸೊಸೆಯಾಗಿ ಬಂದಾಗಿನಿಂದ ಇಷ್ಟು ದೊಡ್ಡ ಬಿರುದು ನನಗೆ ಯಾರೂ ಕೊಟ್ಟಿರಲಿಲ್ಲ. ಅತ್ತೆ ಫೋನನ್ನು ನನ್ನ ಕೈಗಿಟ್ಟು, ಭುಜಕ್ಕೆ ಒರಗಿಕೊಂಡು ಆ ಚಿತ್ರವನ್ನು ಇನ್ನೊಮ್ಮೆ ತೋರಿಸು ಎಂದರು. ಒಲೆ ಹಚ್ಚುವ ಹೊತ್ತು ಮೀರಿತ್ತು. ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ.