ಡಬಲ್ ಡೋಸ್ ಹೋಳಿಗಿ

ಮನೋಳಿಯೊಳಗ ಒಂದು ಮನಿಗೆ ಹೋಗಿದ್ದೆ. ಮೊಮ್ಮಗಳಿಗೆ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಹೆಂಗ ಚುಚ್ಚೂದಂತ ಅಜ್ಜಿಗೆ ಕಲಿಸಿದೆ. ಮುಗೀತಂತ ಎದ್ರ, ಊಟಕ್ಕ ಕುಂಡ್ರಿಸಿದ್ರು.

"ಸಿಸ್ಟರ್, ಡಬಲ್ ಡೋಸ್ ಕೊಟ್ರ ಲಗೂ ಉದ್ದ ಆಗತಾಳ, ಹೌದಿಲ್ರಿ?" ಅಂತ ಅಜ್ಜಿ ಮೂರನೇ ಹೋಳಿಗಿ ನೀಡಿದ್ರು.

"ಬ್ಯಾಡ್ರಿ! ಹಾರ್ಮೋನು ಹಿಡಿಯಾಕ ಜೀವಕೋಶದ ಮೈಮ್ಯಾಲೆ ಸಣ್ಣ ಸಣ್ಣ ತಾಟು ಇದ್ದಂಗ ಇರತಾವ. ಸಾಕಾತಂದ್ರ ಕೋಶ ಆ ತಾಟನ್ನ ಒಳಗ ಎಳಕೊಂಡ ಬಿಡತೈತಿ. ಹೆಚ್ಚಿಗಿ ಸುರುವಿದ್ರ ಹುಡುಗಿಗೇ ತ್ರಾಸ" ಅಂದು, ನನ್ನ ತಾಟಿಗೂ ಎರಡೂ ಕೈ ಅಡ್ಡ ಹಿಡಿದೆ.

"ತಿಳೀತ್ರಿ, ಸಾಕಂದ್ರ ಸಾಕು" ಅಂದ ಅಜ್ಜಿ, ನನ್ನ ಕೈಮ್ಯಾಲೇ ನಾಲ್ಕನೇ ಹೋಳಿಗಿ ಇಟ್ಟು ತುಪ್ಪ ಸುರುವಿದ್ರು.

ಕೋಶದ ಪುಣ್ಯ ದೊಡ್ಡದು. ಅದನ್ನ ಮನೋಳಿಯೊಳಗ ಯಾರೂ ಊಟಕ್ಕ ಕರದಿಲ್ಲ.