ಎತ್ತರದ ಕಂಬಿಯ ಕೆಳಗೆ ಬಸವಂತಪ್ಪನವರು

ಅಮೆರಿಕದ ಕಾಲೇಜು ಪುರುಷರ ಜಿಮ್ನಾಸ್ಟಿಕ್ಸ್ ತಂಡ ಚಾಂಪಿಯನ್‌ಶಿಪ್‌ಗೆ 1938ರಿಂದ ಇತಿಹಾಸವಿದೆ. ಒಂದು ಕಾಲಕ್ಕೆ ಎಲ್ಲೆಡೆ ಇದ್ದ ತಂಡಗಳು ಇಂದು ಹದಿನೈದರ ಆಸುಪಾಸಿಗೆ ಇಳಿದಿವೆ. ಆ ಇತಿಹಾಸ ಗೆದ್ದವರ ಹೆಸರುಗಳನ್ನು ಜೋಪಾನ ಮಾಡಿದೆ. ಗೆಲ್ಲದ ತಂಡಗಳನ್ನು ಬದುಕಿಸಿಕೊಂಡು ಬಂದವರನ್ನು ನೆನೆಯುವುದು ಇಂಥ ಅಭಿನಂದನ ಸಂಪುಟಗಳಿಗೆ ಉಳಿದ ಕೆಲಸ. ವಾಷಿಂಗ್ಟನ್ ಸಮೀಪದ ವಿಶ್ವವಿದ್ಯಾಲಯವೊಂದರಲ್ಲಿ ಮೂರು ದಶಕಗಳ ಕಾಲ ತರಬೇತುದಾರರಾಗಿದ್ದು, ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಬಸವಂತಪ್ಪನವರು ಈ ಎರಡನೆಯ ಸಾಲಿಗೆ ಸೇರಿದ ಹಿರಿಯರು.

ಲಕ್ಷ್ಮೇಶ್ವರದಲ್ಲಿ ಮಲ್ಲಕಂಬ ಕಲಿತು, ವ್ಯಾಯಾಮ ಶಿಕ್ಷಣದಲ್ಲಿ ಉನ್ನತ ವ್ಯಾಸಂಗಕ್ಕೆಂದು ಬಂದವರು ಅವರು. ಸಾಫ್ಟ್‌ವೇರ್ ಮಾತೇ ತುಂಬಿರುತ್ತಿದ್ದ ರಾಕ್‌ವಿಲ್ಲಿನ ಕನ್ನಡ ಕೂಟಗಳಲ್ಲಿ ಅವರ ವೃತ್ತಿ ಎಲ್ಲರಿಗೂ ತಮಾಷೆಯಾಗಿತ್ತು.

"ಏನ್ ಕೋಚ್ ಸಾಹೇಬ್ರೇ, ಸರ್ಕಸ್ ಹೇಗ್ ನಡೀತಿದೆ?"

"ಹುಲಿ ಒಂದ ಕಡಿಮಿ ಬಿದ್ದದ ನೋಡ್ರಿ. ಬರ್ತೀರೇನು?"

ಸಾವಾದ ಮನೆಗೆ ಬಂದರೆ ಅವರು ಸಮಾಧಾನದ ಮಾತು ಆಡುತ್ತಿರಲಿಲ್ಲ. ಹಿಮ ಬಿದ್ದ ಬೆಳಗುಗಳಲ್ಲಿ ಹೇಳದೆ ಬಂದು, ಬಾಗಿಲಿನಿಂದ ರಸ್ತೆಯವರೆಗೆ ದಾರಿ ತೋಡಿ, ಹೇಳದೆ ಹೋಗುತ್ತಿದ್ದರು. ಅಂಥ ಮನೆಗಳವರಿಗೆ ಅದು ನೆನಪಿದೆ.

ಸ್ಪರ್ಧೆಯ ಅಂಗಳದಲ್ಲಿ ಅವರಿಗೊಂದು ಅಭ್ಯಾಸವಿತ್ತು. ಎತ್ತರದ ಕಂಬಿಯ ಮೇಲೆ ಹುಡುಗ ತಿರುಗುವಾಗ ತರಬೇತುದಾರ ಕೆಳಗೆ ನಿಲ್ಲಬಹುದು. ಆದರೆ ಆಟಗಾರನನ್ನು ಮುಟ್ಟಿದರೆ ತೀರ್ಪುಗಾರರು ಪೂರ್ತಿ ಒಂದು ಅಂಕ ಕಳೆಯುತ್ತಾರೆ. ಆದ್ದರಿಂದಲೇ ಬೇರೆ ತರಬೇತುದಾರರು ಕೈಗಳನ್ನು ಬಿಗಿಹಿಡಿದು ನಿಲ್ಲುತ್ತಾರೆ. ಬಸವಂತಪ್ಪನವರ ಕೈ ಮಾತ್ರ ಮುಂದೆ ಹೋಗಿಬಿಡುತ್ತಿತ್ತು. ಎದುರಾಳಿಗಳು ಇದನ್ನು ಅವರ ದೌರ್ಬಲ್ಯವೆಂದು ಲೆಕ್ಕಕ್ಕೆ ಹಿಡಿದೇ ಸ್ಪರ್ಧೆಗೆ ಇಳಿಯುತ್ತಿದ್ದರು.

2020ರ ಮಾರ್ಚ್‌ನಲ್ಲಿ ತಂಡದ ಬಸ್ಸು ನಾರ್ತ್ ಕೆರೋಲೈನಾದ ದಾರಿಯಲ್ಲಿದ್ದಾಗ, ಕೋವಿಡ್‌ನಿಂದಾಗಿ ಸ್ಪರ್ಧೆಗಳ ಋತುವೇ ರದ್ದಾದ ಸುದ್ದಿ ಬಂತು. ಮಹಾಯುದ್ಧದ ಕಾಲವನ್ನು ಬಿಟ್ಟರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಅಂಥ ಖಾಲಿ ವರ್ಷ ಇರಲಿಲ್ಲ. ಹುಡುಗರು ಮನೆಗಳಲ್ಲಿ ಕುಳಿತರು. ಬಸವಂತಪ್ಪನವರು ಬಾಗಿಲಿಗೆ ಬಿಗಿಯುವ ಕಂಬಿಗಳನ್ನು ಕಾರಿನಲ್ಲಿ ತುಂಬಿಕೊಂಡು ಮನೆಮನೆಗೆ ಹೋಗಿ, ಮೆಟ್ಟಿಲ ಮೇಲಿಟ್ಟು, ದೂರ ಸರಿದು ನಿಂತು, ಹುಡುಗ ಬಂದು ಎತ್ತಿಕೊಳ್ಳುವುದನ್ನು ನೋಡಿ ಮುಂದಿನ ಮನೆಗೆ ಹೊರಡುತ್ತಿದ್ದರು. ಆ ವರ್ಷದ ಚಳಿಗಾಲಕ್ಕೆ ಮೊದಲೇ, ಖರ್ಚಿನ ಕಾರಣ ಕೊಟ್ಟು, ಮುಂದಿನ ಋತುವಿನ ಕೊನೆಗೆ ತಂಡವನ್ನೇ ಮುಚ್ಚುವುದಾಗಿ ವಿಶ್ವವಿದ್ಯಾಲಯ ಪ್ರಕಟಿಸಿತು. ಪೂರ್ವ ವಲಯದ ಫೈನಲ್‌ನಲ್ಲಿ ಮೊದಲ ಮೂರರೊಳಗೆ ಬಂದರೆ ಮಾತ್ರ ಮರುಪರಿಶೀಲನೆ ಎಂದು ಡೀನ್ ಹೇಳಿದರು.

2021ರ ಆ ಫೈನಲ್‌ನಲ್ಲಿ ತಂಡದ ಕೊನೆಯ ಸರದಿ ಎತ್ತರದ ಕಂಬಿ, ಕೊನೆಯ ಆಟಗಾರ ಕ್ಲಾರ್ಕ್ಸ್‌ಬರ್ಗ್‌ನ ಪ್ರತೀಕ್. ಉಡುಪಿಯ ಕಡೆಯ ಕರುಣಾಕರ, ಸರೋಜಿನಿ ದಂಪತಿಯ ಮಗ. ಅವನು ತಪ್ಪಿಲ್ಲದೆ ಇಳಿದರೆ ಮೂರನೆಯ ಸ್ಥಾನ ಖಚಿತವಾಗಿತ್ತು. ಕಂಬಿ ಬಿಟ್ಟು ಗಾಳಿಯಲ್ಲಿ ಮಗುಚಿ ಮತ್ತೆ ಹಿಡಿಯುವ ಕಡೆ ಅವನು ಸ್ವಲ್ಪ ದೂರ ಹೋದ. ಕೆಳಗಿನಿಂದ ಒಂದು ಅಂಗೈ ಅವನ ಬೆನ್ನಿಗೆ ತಾಗಿತು. ಅವನು ಕಂಬಿ ಹಿಡಿದ, ಆಟ ಮುಗಿಸಿದ, ನೆಟ್ಟಗೆ ಇಳಿದ. ತೀರ್ಪುಗಾರರು ಒಂದು ಅಂಕ ಕಳೆದರು. ತಂಡ ಒಂದಂಕಕ್ಕೂ ಕಡಿಮೆ ಅಂತರದಲ್ಲಿ ನಾಲ್ಕನೆಯದಾಯಿತು.

"ಐ ಹ್ಯಾಡ್ ಇಟ್, ಅಂಕಲ್! ನಾನು ಹಿಡೀತಿದ್ದೆ!" ಎಂದು ಪ್ರತೀಕ್ ಎಲ್ಲರೆದುರೇ ಅತ್ತ.

ಮನೆಯಲ್ಲಿ ಕಂಪ್ಯೂಟರಿನಲ್ಲಿ ನೋಡುತ್ತಿದ್ದ ಕರುಣಾಕರ ಅವರು ಕೂಡಲೇ ಫೋನ್ ಮಾಡಿದರು. "ಕೈ ಹಿಂದೆ ಕಟ್ಕೊಂಡು ನಿಂತಿದ್ರೆ ಸಾಕಿತ್ತು ಮಾರಾಯ್ರೇ. ತಂಡ ಉಳೀತಿತ್ತು."

"ಹೌದ್ರಿ. ಉಳೀತಿತ್ತು," ಎಂದರು ಬಸವಂತಪ್ಪನವರು.

ತಂಡ ಮುಚ್ಚಿತು. ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಕೆಲವರು ಅವರೊಡನೆ ಮಾತು ಬಿಟ್ಟರು. ಬಸವಂತಪ್ಪನವರು ವ್ಯಾಯಾಮ ವಿಭಾಗದಲ್ಲಿ ಪಾಠ ಹೇಳುತ್ತ, ಉಳಿದ ಸಾಮಗ್ರಿಯಿಂದ ವಿದ್ಯಾರ್ಥಿಗಳ ಕ್ಲಬ್ಬೊಂದನ್ನು ಕಟ್ಟಿದರು. ಬಾಡಿಗೆ ವ್ಯಾನನ್ನು ತಾವೇ ಓಡಿಸಿಕೊಂಡು ಕೆರೋಲೈನಾದ ಸ್ಪರ್ಧೆಗಳಿಗೆ ಹುಡುಗರನ್ನು ಕರೆದೊಯ್ದರು. ಅಲ್ಲಿನ ಏಪೆಕ್ಸ್ ಊರಿನ ಕನ್ನಡದ ಮನೆಗಳಲ್ಲಿ ಅವರಿಗೆಲ್ಲ ಊಟ ಹಾಕಿಸಿದರು. ಆ ಫೈನಲ್ ಬಗ್ಗೆ ಯಾರು ಕೆಣಕಿದರೂ ತಮ್ಮ ಪರವಾಗಿ ವಾದಿಸಲಿಲ್ಲ. ಹುಡುಗ ಬೀಳುತ್ತಿದ್ದ ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು.

ಪ್ರತೀಕ್ ಈಗ ಬಯೋಟೆಕ್ ಸಂಸ್ಥೆಯೊಂದರಲ್ಲಿದ್ದಾನೆ. ಈ ವಸಂತದಲ್ಲಿ, ಬಸವಂತಪ್ಪನವರ ಕೊಠಡಿ ಖಾಲಿ ಮಾಡಲು ನೆರವಾಗಲು ಬಂದವನು, ಪೆಟ್ಟಿಗೆ ಕಟ್ಟುತ್ತಲೇ ಕೇಳಿದ:

"ನಿಜ ಹೇಳಿ ಅಂಕಲ್. ನಾನು ಹಿಡೀತಿದ್ನಾ?"

"ಹಿಡೀತಿದ್ದಿ ತಮ್ಮಾ."

"ದೆನ್ ವೈ?"

"ಅದು ಗೊತ್ತಾಗೂದ್ರಾಗ ಕೈ ಹೋಗಿತ್ತು."

ಪ್ರತೀಕ್ ಪೆಟ್ಟಿಗೆಯ ದಾರ ಬಿಗಿದು, "ಅಪ್ಪನಿಗೆ ಇದನ್ನ ನಾನೇ ಹೇಳ್ತೀನಿ," ಎಂದ. ಈ ಸಂಪುಟಕ್ಕೆ ಮೊದಲ ಶುಭಾಶಯ ಕಳಿಸಿದವರು ಕರುಣಾಕರ ಅವರು.

ಚಾಂಪಿಯನ್‌ಶಿಪ್‌ಗಳ ಇತಿಹಾಸದಲ್ಲಿ ಆ ನಾಲ್ಕನೆಯ ಸ್ಥಾನ ಬದಲಾಗುವುದಿಲ್ಲ. ಆದರೆ ಬಸವಂತಪ್ಪನವರ ಕೈಕೆಳಗೆ ಕಲಿತವರು ಇಂದು ನೆಟ್ಟಗಿನ ಕುತ್ತಿಗೆ, ಗಟ್ಟಿ ಬೆನ್ನುಗಳೊಡನೆ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ನಿವೃತ್ತಿಯ ಬಳಿಕ ಅವರು ಕ್ಲಾರ್ಕ್ಸ್‌ಬರ್ಗ್‌ನ ಪುಟ್ಟ ಮಕ್ಕಳಿಗೆ ಶನಿವಾರಗಳಂದು ಕಲಿಸಲು ಒಪ್ಪಿದ್ದಾರೆ. ಅವರ ಆಯುಸ್ಸು ಹೆಚ್ಚಲಿ, ಆರೋಗ್ಯ ಸ್ಥಿರವಾಗಿರಲಿ, ಆ ತರಗತಿ ಬಹುಕಾಲ ನಡೆಯಲಿ. ಅಲ್ಲಿ ಮುಟ್ಟಿದ್ದಕ್ಕೆ ಅಂಕ ಕಳೆಯುವವರು ಯಾರೂ ಇಲ್ಲ.