ನೀಲಿ ಜಾಕೆಟ್ಟಿನ ಕ್ಲಬ್ಬು

ಇಪ್ಪತ್ತೆರಡು ವರ್ಷಗಳಿಂದ ಆಕೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್-ರೇ ತೆಗೆಯುತ್ತಿದ್ದಾಳೆ. ಕಿಟಕಿಯಿಲ್ಲದ ಕೋಣೆ, ತಣ್ಣನೆಯ ಮೇಜು, ಸೀಸದ ಹಾಳೆ ಹೊಡೆದ ಬಾಗಿಲು. ಬಂದವರ ಮುಖ ಆಕೆಗೆ ಮರೆತುಹೋಗುತ್ತದೆ, ಮೂಳೆ ಮರೆಯುವುದಿಲ್ಲ. ಅಳುವ ಮಗುವನ್ನು ಅಲುಗದಂತೆ ಕೂರಿಸುವುದರಲ್ಲಿ ಎಕ್ಸ್-ರೇ ಅಕ್ಕನದು ಎತ್ತಿದ ಕೈ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ.

ಆಕೆಗೆ ಒಬ್ಬಳೇ ಮಗಳು, ಹದಿಮೂರರವಳು. ನಡೆಯಲು ಕಲಿತಾಗಿನಿಂದ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಹಾರುತ್ತಿದ್ದವಳಿಗೆ ಅಜ್ಜಿ 'ಬೆಕ್ಕು' ಎಂದು ಹೆಸರಿಟ್ಟಿದ್ದರು. ಫುಟ್‌ಬಾಲ್‌ನಲ್ಲಿ ಅವಳು ಗೋಲ್‌ಕೀಪರ್ ಆದದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಶಾಲೆಗಳ ಪಂದ್ಯಾವಳಿಯಲ್ಲಿ ಮೂರು ಪೆನಾಲ್ಟಿ ತಡೆದ ಮಾರನೆಯ ದಿನವೇ ಊರಿನ ದೊಡ್ಡ ಕ್ಲಬ್ಬಿನಿಂದ ಫೋನು ಬಂತು.

ತಾಯಿ ಮಗಳು ಹೋಗಿ ನೋಡಿದರು. ಒಂದು ಕಳೆಯೂ ಇಲ್ಲದ ಹುಲ್ಲು, ಗಾಜಿನ ಗೋಡೆಯ ಜಿಮ್, ಚೆಂಡು ಎಸೆಯುವ ಯಂತ್ರ. ಯಂತ್ರದ ಮುಂದೆ ಐದು ಜನ ಹುಡುಗಿಯರು ಸಾಲಾಗಿ ನಿಂತಿದ್ದರು. ಚೆಂಡು ಬಂದು ಅಂಗೈಗೆ ಬಡಿಯುವ ಸದ್ದು ಬಿಟ್ಟರೆ ಮೈದಾನದಲ್ಲಿ ಬೇರೆ ಸದ್ದಿರಲಿಲ್ಲ. ಮಕ್ಕಳಿರುವ ಕಡೆ ಅಷ್ಟು ಮೌನವನ್ನು ಆಕೆ ಕಂಡಿದ್ದು ತನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಮಾತ್ರ.

ನೀಲಿ ಜಾಕೆಟ್ ತೊಟ್ಟ ತರಬೇತುದಾರ ಬಹಳ ನಯವಾಗಿ ಮಾತಾಡಿದ. "ದಿನಕ್ಕೆ ಇನ್ನೂರೈವತ್ತು ಚೆಂಡು. ವಾರಕ್ಕೆ ಆರು ದಿನ. ಎರಡು ವರ್ಷ ನಮ್ಮ ಕೈಗೆ ಕೊಡಿ, ಆಮೇಲೆ ನೋಡಿ."

"ನೋವಾದ್ರೆ?" ಎಂದು ಆಕೆ ಕೇಳಿದಳು.

"ನಮ್ಮ ಡಾಕ್ಟ್ರೇ ಇದ್ದಾರಲ್ಲ. ಹೊರಗಡೆ ತೋರಿಸೋ ಹಾಗಿದ್ರೆ ನಮಗೆ ಒಂದು ಮಾತು ಹೇಳ್ಬೇಕು, ಅಷ್ಟೇ. ಫಾರ್ಮಿನಲ್ಲೂ ಬರೆದಿದೆ."

ಆಕೆಯ ಕಣ್ಣು ಹುಡುಗಿಯರ ಕೈಗಳ ಮೇಲಿತ್ತು. ಐವರ ಮಣಿಕಟ್ಟಿಗೂ ಬಿಳಿ ಪಟ್ಟಿ ಬಿಗಿದಿತ್ತು. ಒಬ್ಬಳು ನೀರಿನ ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ಮುಚ್ಚಳವನ್ನು ಹಲ್ಲಿನಿಂದ ತಿರುಗಿಸುತ್ತಿದ್ದಳು.

ಫಾರ್ಮು ಒಂದು ವಾರ ಅಡುಗೆಮನೆಯ ಕಪಾಟಿನ ಮೇಲೆ ಬಿದ್ದಿತ್ತು. ಬೆಕ್ಕು ದಿನಕ್ಕೆರಡು ಸಲ ಅದನ್ನು ತಂದು ತಾಯಿಯ ತಟ್ಟೆಯ ಪಕ್ಕ ಇಡುತ್ತಿದ್ದಳು.

ಆ ವಾರದ ಕೊನೆಯಲ್ಲಿ ನೆಲಮಾಳಿಗೆಗೆ ಒಬ್ಬ ಹುಡುಗಿ ಬಂದಳು. ಬಾಟಲಿಯ ಹುಡುಗಿ. ಜೊತೆಗೆ ನೀಲಿ ಜಾಕೆಟ್ಟಿನ ಇನ್ನೊಬ್ಬ. ಏನಾಯಿತೆಂದು ಕೇಳಿದ್ದು ಹುಡುಗಿಯನ್ನು, ಉತ್ತರ ಕೊಟ್ಟದ್ದು ಅವನು. "ಮೆಟ್ಟಿಲಿಂದ ಬಿದ್ಲು."

ಚಿತ್ರ ತೆಗೆಯುವಾಗ ಯಾರೂ ಒಳಗಿರುವಂತಿಲ್ಲ. ಅವನನ್ನು ಹೊರಗೆ ಕಳಿಸಿ ಆಕೆ ಹುಡುಗಿಯ ಕೈಯನ್ನು ಮೇಜಿನ ಮೇಲೆ ಮೆಲ್ಲಗೆ ಚಪ್ಪಟೆಯಾಗಿಸಿದಳು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿದಳು.

"ಎಷ್ಟು ದಿನದಿಂದ ನೋವು, ಪುಟ್ಟಿ?"

"ಬಿದ್ದಿದ್ದು ನಿನ್ನೆ." ಆಮೇಲೆ ಹುಡುಗಿಯೇ ಕೇಳಿದಳು: "ಆಂಟಿ, ನನ್ನ ಜಾಗಕ್ಕೆ ಬರೋದು ನಿಮ್ಮ ಮಗಳಂತಲ್ಲ?"

ಆಕೆ ಮರೆಗೆ ಸರಿದು ಯಂತ್ರದ ಗುಂಡಿ ಒತ್ತಿದಳು.

ಪರದೆಯ ಮೇಲೆ ಚಿತ್ರ ಮೂಡಿತು. ಬೆಳೆಯುವ ಮಕ್ಕಳ ಮಣಿಕಟ್ಟಿನ ಮೂಳೆಯ ತುದಿಯಲ್ಲಿ ಒಂದು ಸಣ್ಣ ಗೆರೆ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಈ ಹುಡುಗಿಯದು ಅಗಲವಾಗಿ, ಅಂಚು ಕಿತ್ತುಹೋಗಿ ಮಂಜುಮಂಜಾಗಿತ್ತು. ಒಂದು ದಿನದ ಬೀಳುವಿಕೆಗೆ ಹೀಗಾಗುವುದಿಲ್ಲ. ತಿಂಗಳುಗಟ್ಟಲೆ ಚೆಂಡಿನ ಏಟು ತಿಂದ ಕೈ ಅದು. ಇಂಥದ್ದೇ ಚಿತ್ರವನ್ನು ಹಿಂದಿನ ಒಂದೇ ವರ್ಷದಲ್ಲಿ ಆಕೆ ಎರಡು ಸಲ ನೋಡಿದ್ದಳು. ಆ ಎರಡು ಸಲವೂ ಮೆಟ್ಟಿಲಿನದೇ ಕತೆ, ನೀಲಿ ಜಾಕೆಟ್ಟೇ ಜೊತೆ.

ಆಸ್ಪತ್ರೆಯ ಮೂಳೆ ಡಾಕ್ಟರರ ಮುಂದೆ ಮೂರೂ ಚಿತ್ರಗಳನ್ನು ಒಟ್ಟಿಗೆ ಇಟ್ಟಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆರು ತಿಂಗಳು ಚೆಂಡು ಮುಟ್ಟಬಾರದು. ಇಲ್ಲದಿದ್ರೆ ಕೈ ಬೆಳೆಯೋದೇ ಅಲ್ಲಿಗೆ ನಿಂತುಬಿಡುತ್ತೆ, ಇಲ್ಲಾ ಸೊಟ್ಟ ಬೆಳೆಯುತ್ತೆ. ಹುಡುಗಿ ಮನೆಯವರಿಗೆ ಹೇಳ್ತೀನಿ, ಫುಟ್‌ಬಾಲ್ ಸಂಸ್ಥೆಯವರಿಗೂ ಬರೀತೀನಿ. ಆದ್ರೆ ಅಕ್ಕ, ಈ ಚಿತ್ರದ ಮಾತು ಕೋಣೆಯಿಂದ ಆಚೆ ಹೋಗೋ ಹಾಗಿಲ್ಲ. ನಿಮಗೇ ಗೊತ್ತು."

ಗೊತ್ತಿತ್ತು. ಅಂದು ಸಂಜೆ ಆಕೆ ಮಗಳಿಗೆ ಹೇಳಿದ್ದು ಇಷ್ಟೇ: "ಆ ಕ್ಲಬ್ಬು ಬೇಡ."

"ಯಾಕೆ?"

"ಹೇಳಕ್ಕಾಗಲ್ಲ."

"ಬೆಳಗಿಂದ ಸಂಜೆವರೆಗೂ ಮುರಿದಿದ್ದೇ ನೋಡ್ತೀಯ. ನಿನ್ನ ಕಣ್ಣಿಗೆ ಎಲ್ಲರೂ ಮುರಿದೋರೇ," ಎಂದು ಬೆಕ್ಕು ಬಾಗಿಲು ಹಾಕಿಕೊಂಡಳು. ಆಕೆ ಫಾರ್ಮನ್ನು ಹರಿದು ಒಲೆಗೆ ಹಾಕಿದಳು. ಮೂರು ವಾರ ಮನೆಯಲ್ಲಿ ಮಾತಿಲ್ಲ, ಪಾತ್ರೆಗಳದೇ ಸದ್ದು.

ಆ ಮೂರು ವಾರವೂ ರಜೆ ಸಿಕ್ಕಾಗಲೆಲ್ಲ ಆಕೆ ಸಣ್ಣಪುಟ್ಟ ಕ್ಲಬ್ಬುಗಳನ್ನು ಸುತ್ತಿದಳು. ಗೆದ್ದ ಕಪ್ಪುಗಳ ಲೆಕ್ಕ ಕೇಳಲಿಲ್ಲ. ಗೋಲ್‌ಕೀಪರಿಗೆ ಬೇರೆ ತರಬೇತಿ ಇದೆಯೇ, ಬಿಡುವು ಎಷ್ಟು ದಿನ, ನೋವು ಎಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಹೆಚ್ಚಿನವರು ನಕ್ಕರು. ಗೋದಾಮುಗಳ ಹಿಂದಿನ ಮಣ್ಣಿನ ಮೈದಾನದಲ್ಲಿ ಒಬ್ಬಳು ನಗಲಿಲ್ಲ. ಹಗಲು ಬಸ್ಸಿನಲ್ಲಿ ಕಂಡಕ್ಟರ್, ಸಂಜೆ ತರಬೇತುದಾರೆ; ತಾನೂ ಗೋಲ್ ಕಾದವಳು. ಅವಳು ಮಕ್ಕಳಿಗೆ ಮೊದಲು ಬೀಳುವುದನ್ನು ಕಲಿಸುತ್ತಿದ್ದಳು, ಅದೂ ಮೆತ್ತನೆಯ ಚೆಂಡು ಹಿಡಿದು. ನಲವತ್ತು ಚೆಂಡಾದ ಕೂಡಲೇ ಸೀಟಿ. "ಇವತ್ತಿಗೆ ಕೈ ಸಾಕು. ಇನ್ನು ಕಾಲಲ್ಲಿ ಆಡಿ."

ಬೆಕ್ಕು ಮುಖ ಊದಿಸಿಕೊಂಡೇ ಅಲ್ಲಿಗೆ ಸೇರಿದಳು. ಎರಡನೇ ತಿಂಗಳಿಗೆ ಕಂಡಕ್ಟರಮ್ಮನ ಸೀಟಿಯನ್ನು ಮನೆಯಲ್ಲಿ ಅಣಕಿಸತೊಡಗಿದಳು. ಆಗ ತಾಯಿಗೆ ಸ್ವಲ್ಪ ಉಸಿರು ಬಂತು. ಡಾಕ್ಟರರ ಪತ್ರಕ್ಕೆ ಮಾತ್ರ ಉತ್ತರ ಬರಲಿಲ್ಲ. ಬಾಟಲಿಯ ಹುಡುಗಿ ಮತ್ತೆ ಚಿತ್ರ ತೆಗೆಸಲು ಬರಲಿಲ್ಲ. ಅವಳಷ್ಟೇ ಅಲ್ಲ, ನೀಲಿ ಜಾಕೆಟ್ಟಿನವರು ಯಾರೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಬರುವುದಕ್ಕಿಂತ ಬಾರದಿರುವುದೇ ಆಕೆಯನ್ನು ಹೆಚ್ಚು ಕಾಡಿತು. ಮಕ್ಕಳನ್ನು ಈಗ ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ?

ಮರುವರ್ಷದ ಪಂದ್ಯಾವಳಿಯಲ್ಲಿ ಎರಡು ಕ್ಲಬ್ಬುಗಳೂ ಎದುರಾದವು. ಕಂಡಕ್ಟರಮ್ಮನ ತಂಡ ಒಂದು ಗೋಲಿನಿಂದ ಸೋತಿತು. ಆಟ ಮುಗಿದು ಕೈ ಕುಲುಕಿ ಬಂದ ಬೆಕ್ಕಿನ ಮುಖ ಬಿಳಿಚಿತ್ತು. ಅದು ಸೋಲಿಗಲ್ಲ.

"ಅಮ್ಮ, ಅವರ ಕೀಪರು ಹನ್ನೊಂದು ವರ್ಷದೋಳು. ಕೈ ಹಿಡಿದ್ರೆ ಸಾಕು, ಹಲ್ಲು ಕಚ್ತಾಳೆ. ಏನಾಯ್ತು ಅಂತ ಕೇಳಿದ್ರೆ ಮೆಟ್ಟಿಲಿಂದ ಬಿದ್ದೆ ಅಂತಾಳೆ." ಬೆಕ್ಕು ತನ್ನ ಗ್ಲೌಸು ಬಿಚ್ಚುತ್ತಾ ತಾಯಿಯನ್ನೇ ನೋಡಿದಳು. "ಇದೇನಾ ನೀನು ಹೇಳಕ್ಕಾಗಲ್ಲ ಅಂದಿದ್ದು?"

ಆಕೆಯ ಕಣ್ಣು ಆ ಪುಟ್ಟ ಕೀಪರನ್ನು ಹುಡುಕಿತು. "ಅವಳ ಜೊತೆ ಯಾರು ಬಂದಿದ್ದಾರೆ?"

ಬೆಕ್ಕು ಕೈ ತೋರಿದಳು. ಮೈದಾನದ ಅಂಚಿನಲ್ಲಿ ಮಗಳ ಚೀಲ ಹೆಗಲಿಗೇರಿಸಿಕೊಂಡು ಒಬ್ಬ ತಂದೆ ನಿಂತಿದ್ದ. ಗೆದ್ದ ಖುಷಿಗೆ ಮುಖವೆಲ್ಲ ಅರಳಿತ್ತು. ಮೈದಾನದಲ್ಲಿ ಕಂಡದ್ದಕ್ಕೆ ಯಾವ ಕೋಣೆಯ ಕಟ್ಟೂ ಇಲ್ಲವೆಂದುಕೊಂಡು ಆಕೆ ನೇರ ಅವನ ಬಳಿಗೆ ನಡೆದಳು.

"ನಿಮ್ಮ ಮಗಳ ಕೈ ಬಗ್ಗೆ ಎರಡು ನಿಮಿಷ ಮಾತಾಡ್ಬೇಕಿತ್ತು. ನಾನು ಆಸ್ಪತ್ರೇಲಿ ಎಕ್ಸ್-ರೇ ತೆಗೆಯೋಳು."

ತಂದೆಯ ಮುಖದ ನಗು ಹಾಗೇ ನಿಂತಿತು. ಉತ್ತರ ಕೊಡುವ ಮೊದಲು ಅವನು ತಿರುಗಿ ನೋಡಿದ್ದು ಮಗಳ ಕಡೆಗಲ್ಲ. ನೀಲಿ ಜಾಕೆಟ್ಟಿನವನು ಆಗಲೇ ಹುಲ್ಲು ದಾಟಿ ಅವರತ್ತ ಬರುತ್ತಿದ್ದ, ಅವಸರವೇನೂ ಇಲ್ಲದೆ.